ಹಾಲಿನ ಡೈರಿ ಮುಂದೆ ಶುರುವಾದ ನನ್ನ ರಾವೆ

ಕೃಷಿ ಬಿಎಸ್ಸಿ ಓದುವವರು ಕೊನೆಯ ವರ್ಷದಲ್ಲಿ ಹಳ್ಳಿಯಲ್ಲೇ ಉಳಿದು ಕೆಲಸ ಕಲಿಯಬೇಕು. ಕಾಗದದಲ್ಲಿ ಅದರ ಹೆಸರು ಗ್ರಾಮೀಣ ಕೃಷಿ ಕಾರ್ಯಾನುಭವ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ನಾವು ಕರೆಯುವುದು ರಾವೆ. ನಾನು ಓದಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಜಿಕೆವಿಕೆಯಲ್ಲಿ. ನಮ್ಮ ತಂಡಕ್ಕೆ ಸಿಕ್ಕಿದ್ದು ತುಮಕೂರು ಜಿಲ್ಲೆಯ ಒಂದು ರಾಗಿ ಬೆಳೆಯುವ ಊರು. ನಾನು ತೀರ್ಥಹಳ್ಳಿ ಕಡೆಯವಳು, ಅಡಿಕೆ ತೋಟದಲ್ಲಿ ಬೆಳೆದವಳು. ಜನ್ಮವೆಲ್ಲ ರಾಗಿ ಬೆಳೆದವರ ಮುಂದೆ ನಿಂತು ನಾನೇನು ಹೇಳಲಿ ಅಂತ ಹೊರಡುವ ಹಿಂದಿನ ರಾತ್ರಿ ನಿದ್ದೆಯೇ ಬರಲಿಲ್ಲ.

ಮೊದಲ ಸಭೆಯನ್ನು ಬೆಳಿಗ್ಗೆ 11 ಗಂಟೆಗೆ ಇಟ್ಟುಕೊಂಡೆವು. ಬಂದವರು ಮೂರೇ ಜನ. ನಾನು ಬಾಯಿಪಾಠ ಮಾಡಿದ್ದನ್ನು ಹೇಳಲು ಶುರುಮಾಡಿದೆ. ಒಬ್ಬ ಅಜ್ಜಿ ಕೇಳಿದರು, "ಸಾರಜನಕ ಅಂದ್ರೆ ಏನವ್ವ?" ಯೂರಿಯಾದಲ್ಲಿ ಇರುತ್ತಲ್ಲ, ಪೈರು ಹಸಿರಾಗುತ್ತಲ್ಲ, ಅದೇ ಅಂದಿದ್ದರೆ ಸಾಕಿತ್ತು. ನನಗೆ ಆ ಮಾತು ಬಾಯಿಗೆ ಬರಲಿಲ್ಲ. ಗಂಟಲು ಕಟ್ಟಿತು.

ರಾತ್ರಿ ಊಟ ಬಡಿಸುತ್ತಾ ನಾವು ಉಳಿದಿದ್ದ ಮನೆಯ ಅಕ್ಕ ಹೇಳಿದರು, "ಹನ್ನೊಂದು ಗಂಟೆಗೆ ಯಾರು ಸಿಗ್ತಾರೆ? ಎಲ್ಲ ಹೊಲದಲ್ಲಿರ್ತಾರೆ. ಬೆಳಿಗ್ಗೆ ಡೈರಿ ಹತ್ರ ಬಾ."

ಮರುದಿನ ಆರೂವರೆಗೆ ಹೋದೆ. ಇಡೀ ಊರು ಅಲ್ಲೇ ಇತ್ತು! ಕ್ಯಾನು, ಚೊಂಬು ಹಿಡಿದ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಬೀಡಿ ಸೇದುತ್ತಾ ಕೂತ ಅಜ್ಜಂದಿರು. ಫೈಲನ್ನು ಮನೆಯಲ್ಲೇ ಬಿಟ್ಟಿದ್ದೆ. ಐದು ದಿನ ಏನೂ ಹೇಳಿಕೊಡಲು ಹೋಗಲಿಲ್ಲ, ಬರೀ ಕೇಳಿದೆ. ಎಷ್ಟು ಹಸು? ಯಾವ ರಾಗಿ ಹಾಕಿದೀರಿ? ಹೋದ ವರ್ಷ ಮಳೆ ಹೇಗಿತ್ತು? ಮನೆಗೆ ಬಂದು ಒಂದು ಪುಸ್ತಕದಲ್ಲಿ ಎಡಗಡೆ ನಾವು ಓದಿದ ಪದ, ಬಲಗಡೆ ಅವರ ಪದ ಬರೆದುಕೊಳ್ಳುತ್ತಿದ್ದೆ. ಬ್ಲಾಸ್ಟ್ ಅಂದರೆ ಬೆಂಕಿ ರೋಗ. ಸೀಡ್ ಡ್ರಿಲ್ ಅಂದರೆ ಕೂರಿಗೆ. ರಾಗಿ ಮಧ್ಯೆ ಅವರೆ, ಜೋಳ ಹಾಕುವ ಸಾಲು ಅಕ್ಕಡಿ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಓದಿದ ನನಗೆ ಆ ಬಲಗಡೆಯ ಪದಗಳೇ ಧೈರ್ಯ ಕೊಟ್ಟವು. ಆರನೇ ದಿನ ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುವಾಗ ಆ ಹೆಂಗಸರೇ ಬಂದರು. ಕೆರೆಯನ್ನು ನಾವು ತಪ್ಪಾದ ಜಾಗದಲ್ಲಿ ಹಾಕಿದ್ದೆವು. ನನ್ನ ಕೈಯಿಂದ ಪುಡಿ ತೆಗೆದುಕೊಂಡು ಅವರೇ ತಿದ್ದಿದರು.

ಇನ್ನೊಂದು ನಾನು ಮಾಡಿದ್ದು ಇಷ್ಟು. ಒಂದು ಕೆಲಸವನ್ನಾದರೂ ಕೈ ತಪ್ಪದಂತೆ ಕಲಿತುಕೊಂಡೆ. ಪರೀಕ್ಷೆಗೆ ಕಳಿಸಲು ಮಣ್ಣಿನ ಮಾದರಿ ತೆಗೆಯುವುದು. ಎಲ್ಲರ ಮುಂದೆ ಮಾಡುವ ಮುಂಚೆ ಮನೆ ಹಿತ್ತಲಲ್ಲಿ ಮೂರು ಸಲ ಒಬ್ಬಳೇ ಮಾಡಿ ನೋಡಿದ್ದೆ. ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ 15 ಸೆಂಟಿಮೀಟರ್ ಆಳ ಅಗೆದು, ಪಕ್ಕದ ಗೋಡೆಯಿಂದ ಮೇಲಿಂದ ಕೆಳತನಕ ಮಣ್ಣು ಕೆತ್ತಬೇಕು. ಹೀಗೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹದಿನೈದು ಕಡೆಯಾದರೂ ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದು ಹಾಕಬೇಕು. ಅರ್ಧ ಕೆಜಿ ಉಳಿಯುವವರೆಗೂ ಹೀಗೇ.

ಟೊಮೆಟೊ ಕಿತ್ತು ಖಾಲಿ ಬಿಟ್ಟಿದ್ದ ಹೊಲಕ್ಕೆ ಹೋದಾಗ ಹೊಲದ ಯಜಮಾನರು ಮಣ್ಣು ತುಂಬಲು ಯೂರಿಯಾ ಚೀಲ ತಂದಿದ್ದರು. ಹಿರಿಯರಿಗೆ ಬೇಡ ಅನ್ನುವುದು ಹೇಗೆ? ಆದರೂ ಹೇಳಿದೆ. "ಅಜ್ಜ, ಇದರಲ್ಲಿ ಗೊಬ್ಬರದ ಪುಡಿ ಉಳಿದಿರುತ್ತೆ. ಮಣ್ಣಿಗೆ ಸೇರಿದರೆ ಲೆಕ್ಕವೇ ತಪ್ಪುತ್ತೆ." ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಮನೆಗೆ ಹೋಗಿ ತೊಳೆದ ಬಟ್ಟೆ ತಂದರು. ಆ ಹೊತ್ತಿನಿಂದ ನನ್ನ ದನಿ ನಡುಗಿಲ್ಲ.

ಗೊತ್ತಿಲ್ಲದ್ದೂ ಬಂತು. ಒಬ್ಬ ಅಣ್ಣ ಜೊಳ್ಳಾದ ರಾಗಿ ತೆನೆ ತಂದು ತೋರಿಸಿದರು. ನನಗೆ ಖಾತ್ರಿ ಇರಲಿಲ್ಲ. "ನಮ್ಮ ಮೇಷ್ಟ್ರನ್ನ ಕೇಳಿ ನಾಡಿದ್ದು ಡೈರಿ ಹತ್ರ ಹೇಳ್ತೀನಿ" ಅಂದೆ. ಫೋಟೋ ನೋಡಿ ನಮ್ಮ ಮೇಷ್ಟ್ರು ತೆನೆಯ ಕುತ್ತಿಗೆಗೆ ಬೆಂಕಿ ರೋಗ ಬಿದ್ದಿದೆ ಅಂದರು. ಈಗ ಔಷಧಿ ಹೊಡೆದು ದುಡ್ಡು ಕಳೆಯಬೇಡಿ, ಮುಂದಿನ ಸಲ ರೋಗ ತಡೆಯುವ ಜಿಪಿಯು-28 ತಳಿ ಹಾಕಿ ಅಂತ, ಮಾತು ಕೊಟ್ಟ ದಿನವೇ ಹೋಗಿ ಆ ಅಣ್ಣನಿಗೆ ಹೇಳಿದೆ. ಏನೋ ಒಂದು ಔಷಧಿಯ ಹೆಸರು ಹೇಳಿ ಪಾರಾಗಬಹುದಿತ್ತು, ಆದರೆ ನಷ್ಟ ಅವರದ್ದು ಅಲ್ವಾ?

ಮಣ್ಣಿನ ವರದಿ ಕೈಗೆ ಬರುವಷ್ಟರಲ್ಲಿ ರಾವೆ ಮುಗಿದು ನಾವು ಹಾಸ್ಟೆಲಿಗೆ ವಾಪಸ್ ಬಂದಿದ್ದೆವು. ಒಂದು ಭಾನುವಾರ ಬಸ್ ಹತ್ತಿ ಹೋದೆ. ಅಜ್ಜ ಡೈರಿ ಕಟ್ಟೆ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಹೇಳಿದೆ. ಪೊಟ್ಯಾಷ್ ಸಾಕಷ್ಟಿತ್ತು, ಸತು ಅಂದರೆ ಜಿಂಕ್ ಕಡಿಮೆ ಇತ್ತು. ಅವರು ಕಾಗದ ಮಡಚಿ ಹಾಲಿನ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡು, "ಸತು ಎಲ್ಲಿ ಸಿಗುತ್ತೆ, ಎಷ್ಟು ಹಾಕಬೇಕು, ಬರೆದುಕೊಡು" ಅಂದರು.