ಯಂತ್ರ ಬರೆದ ಪುಟಗಳನ್ನು ನಂಬಿ ಕೆಟ್ಟು, ಅದರಿಂದಲೇ ಗೆದ್ದ ನನ್ನ ಅನುಭವ

ಚಿಕ್ಕಮಗಳೂರಿನಿಂದ ಕಾಫಿ ಬೆಳೆಗಾರರಿಗಾಗಿ ನಡೆಸುವ ನನ್ನ ಜಾಲತಾಣಕ್ಕೆ ಯಂತ್ರದಿಂದ ಬರಹ ಸಿದ್ಧಪಡಿಸುತ್ತೇನೆ ಎಂದಾಗ ಇದೇ ವೃತ್ತಿಯ ಗೆಳೆಯರು ಬೇಡವೆಂದಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. 2023ರ ಕೊನೆಯಲ್ಲಿ ಚಾಟ್‌ಜಿಪಿಟಿಯಿಂದ ಸುಮಾರು 400 ಪುಟ ಬರೆಸಿ, ಸರಿಯಾಗಿ ಓದಿಯೂ ನೋಡದೆ ಏರಿಸಿದೆ. ಓದುಗರು ಹೆಚ್ಚಿದರು, ಜಾಹೀರಾತಿನಿಂದ ತಿಂಗಳಿಗೆ ಏಳೆಂಟು ಸಾವಿರ ರೂಪಾಯಿ ಬರತೊಡಗಿತು. ಆದರೆ 2024ರ ಮಾರ್ಚಿನಲ್ಲಿ ಗೂಗಲ್, ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿಗಟ್ಟಲೆ ಪುಟ ಹಾಕುವುದು, ಬರೆದದ್ದು ಯಂತ್ರವಾಗಲಿ ಮನುಷ್ಯರಾಗಲಿ, ಸ್ಪ್ಯಾಮ್ ಎಂದು ನಿಯಮ ಬಿಗಿಗೊಳಿಸಿದ ಮೇಲೆ ಹುಡುಕಾಟದಿಂದ ಎಷ್ಟು ಜನ ಬಂದರೆಂದು ತೋರಿಸುವ ಸರ್ಚ್ ಕನ್ಸೋಲಿನ ಗೆರೆ ನೆಲ ಮುಟ್ಟಿತು, ಆದಾಯ ಸಾವಿರದೊಳಗೆ ಇಳಿಯಿತು.

ಆಗ ಕುಳಿತು ಒಂದೊಂದೇ ಪುಟ ಓದಿದೆ. ಅರೇಬಿಕಾ ತಳಿಯ ಕಾಫಿಯನ್ನು ಕಾಡುವ ಬಿಳಿ ಕಾಂಡಕೊರಕ ಹುಳುವಿಗೆ ಇನ್ನೊಂದು ತಳಿಯಾದ ರೊಬಸ್ಟಾ ತೋಟದಲ್ಲಿ ಔಷಧಿ ಹೊಡೆಯಲು ಹೇಳಿತ್ತು. ಕಾಫಿ ಹೂ ಅರಳಿಸುವ ಫೆಬ್ರವರಿ, ಮಾರ್ಚಿನ ಹೂಮಳೆಯನ್ನು ಮುಂಗಾರಿಗೆ ಸೇರಿಸಿತ್ತು. ಇದನ್ನು ನಂಬಿ ಯಾರಾದರೂ ಸ್ಪ್ರಿಂಕ್ಲರ್ ಹಾಕಲು ತಡಮಾಡಿದ್ದರೆ ವರ್ಷದ ಫಸಲಿಗೇ ಪೆಟ್ಟು ಬೀಳುತ್ತಿತ್ತು ಎಂಬ ಯೋಚನೆ ಆದಾಯ ಹೋದದ್ದಕ್ಕಿಂತ ಹೆಚ್ಚು ಬಾಧಿಸಿತು. 300ಕ್ಕೂ ಹೆಚ್ಚು ಪುಟ ಅಳಿಸಿದೆ.

ಈಗ ದರದ ಪುಟಕ್ಕೆ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಯನ್ನು ಮುಟ್ಟುವುದೇ ಇಲ್ಲ. ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜಕ್ಕೆ ಪಾರ್ಚ್‌ಮೆಂಟ್ ಎಂದೂ ಹಣ್ಣನ್ನು ಇಡಿಯಾಗಿ ಒಣಗಿಸಿದ್ದಕ್ಕೆ ಚೆರ್ರಿ ಎಂದೂ ಹೆಸರು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ, ಈ ನಾಲ್ಕರ 50 ಕಿಲೋ ಮೂಟೆಯ ದರವನ್ನು ಸ್ಕ್ರಿಪ್ಟ್ ಎಂಬ ಸಣ್ಣ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಿದ್ಧ ವಾಕ್ಯಗಳಲ್ಲಿ ತುಂಬುತ್ತದೆ. ಇದುವರೆಗೆ ಒಂದು ತಪ್ಪೂ ಕಂಡಿಲ್ಲ. ಬೇಸಾಯದ ಪುಟಕ್ಕೆ ಮಾತ್ರ ಅನುಭವಿ ಬೆಳೆಗಾರರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಅದನ್ನಷ್ಟೇ ಕ್ರಮವಾಗಿ ಜೋಡಿಸಲು ಯಂತ್ರಕ್ಕೆ ಕೊಡುತ್ತೇನೆ. ಧ್ವನಿಮುದ್ರಣದಲ್ಲಿಲ್ಲದ ಔಷಧಿಯ ಹೆಸರು, ಅಳತೆ, ತಿಂಗಳು ನುಸುಳಿದರೆ ಪುಟ ತಾನಾಗಿ ತಡೆಹಿಡಿಯಲ್ಪಡುತ್ತದೆ. ಆ ತಡೆಯನ್ನು ಹೇಗೆ ಕಟ್ಟಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ, ಇಂಗ್ಲಿಷಿನಲ್ಲಿ ಬರೆಸಿ ಕನ್ನಡಕ್ಕೆ ತಿರುಗಿಸುವ ಪ್ರಯೋಗವನ್ನೂ ಮಾಡಿದೆ. ಪಾರ್ಚ್‌ಮೆಂಟ್ ‘ಚರ್ಮಪತ್ರ’ವಾಗಿ ಬಂತು! ಅಂದಿನಿಂದ ತೋಟದ ಮಾತುಗಳ ಪಟ್ಟಿಯೊಂದನ್ನು ಬೆಳೆಸುತ್ತಿದ್ದೇನೆ. ಈಗ ಅದರಲ್ಲಿ ಇನ್ನೂರರಷ್ಟು ಪದಗಳಿವೆ.

ಇಡೀ ದಿನ ಹಿಡಿಯುತ್ತಿದ್ದ ಪುಟ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಖರ್ಚು ತಿಂಗಳಿಗೆ ಎರಡು ಸಾವಿರದೊಳಗಿದೆ, ಆದಾಯ ಹದಿನಾಲ್ಕು ಸಾವಿರ ದಾಟಿದೆ. ಬೇಡವೆಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ಇದೇ ದಾರಿ ಹಿಡಿದಿದ್ದಾರೆ. ಹಾಸನದ ಆಲೂಗಡ್ಡೆ ಬೆಳೆಗಾರರಿಗೂ ಇಂಥದ್ದೇ ಪುಟಗಳನ್ನು ಮಾಡುವ ಆಸೆಯಿದೆ. ಆದರೆ ಅಂಗಮಾರಿ ರೋಗ ಕಂಡುಂಡ ರೈತರ ಮಾತು ಇನ್ನೂ ನನ್ನ ಫೋನಿನಲ್ಲಿಲ್ಲವಾದ್ದರಿಂದ ಒಂದು ಪುಟವನ್ನೂ ಏರಿಸಿಲ್ಲ.