ದತ್ತು ಕೊಡುವ ನಾಯಿಯ ಗುಣ ಹೇಳುವುದು ಹೇಗೆ?

‘ತುಂಬಾ ಪಾಪದ್ದು, ಯಾರಿಗೂ ಏನೂ ಮಾಡಲ್ಲ.’ ನಾಯಿ ದತ್ತು ಕೊಡುವ ಕಡೆಯಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಮನೆಗೆ ಹೋದ ವಾರದಲ್ಲೇ ಆ ಪಾಪದ ನಾಯಿ ಹಾಲು ತರುವವರ ಕಾಲಿಗೆ ಬಾಯಿ ಹಾಕಿದರೆ? ಮರುದಿನ ವಾಪಸ್ ಬರುತ್ತದೆ, ಇಲ್ಲವೇ ಯಾವುದೋ ಘಾಟಿ ರಸ್ತೆಯಲ್ಲಿ ಇಳಿಸಿ ಹೋಗುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳಿದರೆ ಒಂದಿಬ್ಬರು ಬೇಡ ಎಂದು ಹೋಗಬಹುದು. ಹೋಗಲಿ ಬಿಡಿ. ಕೇಳಿಸಿಕೊಂಡು ಒಪ್ಪಿದವರ ಮನೆಯಲ್ಲಿ ನಾಯಿ ನಿಲ್ಲುತ್ತದೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬೀದಿ ನಾಯಿಗಳಿಗೆ ಆರೈಕೆ ಮಾಡಿ ಮನೆ ಹುಡುಕಿಕೊಡುವವರು ಈ ಕೆಲಸವನ್ನು ಹೀಗೆ ಮಾಡಬಹುದು.

ಮೊದಲು ಒಂದು ನೋಟ್‌ಬುಕ್

ನಾಯಿ ಬಂದ ದಿನದಿಂದಲೇ ಬರೆಯಿರಿ. ಕಂಡದ್ದನ್ನು ಮಾತ್ರ ಬರೆಯಿರಿ. ‘ಸಿಟ್ಟಿನ ನಾಯಿ’ ಎನ್ನುವುದು ನಿಮ್ಮ ಅಭಿಪ್ರಾಯ. ‘ಅನ್ನ ತಿನ್ನುವಾಗ ಬಟ್ಟಲ ಹತ್ತಿರ ಪೊರಕೆ ತಂದರೆ ತಿನ್ನುವುದು ನಿಲ್ಲಿಸಿತು, ಮೈ ಬಿಗಿ ಮಾಡಿತು, ತುಟಿ ಎತ್ತಿತು. ಪೊರಕೆ ಹಿಂದೆ ತೆಗೆದ ಕೂಡಲೇ ಮತ್ತೆ ತಿನ್ನತೊಡಗಿತು’ ಎಂದು ಬರೆದರೆ ಓದಿದವರಿಗೆ ದಾರಿ ಗೊತ್ತಾಗುತ್ತದೆ: ಊಟದ ಹೊತ್ತಿಗೆ ಅದರ ತಂಟೆಗೆ ಹೋಗಬಾರದು, ಅಷ್ಟೇ.

ನಾವೇ ನೋಡಿದ್ದು, ಹಳೆಯ ಮನೆಯವರು ಹೇಳಿದ್ದು, ಗೊತ್ತಿಲ್ಲದ್ದು. ಈ ಮೂರನ್ನು ಬೇರೆ ಬೇರೆ ಇಡಿ. ಹಳೆಯ ಮನೆಯವರು ‘ಮಕ್ಕಳ ಜೊತೆ ಚೆನ್ನಾಗಿರುತ್ತೆ’ ಎಂದರೆ, ಅವರ ಮನೆಯಲ್ಲಿ ಮಕ್ಕಳಿದ್ದರಾ ಎಂದು ಕೇಳಿ. ಬಹಳ ಸಲ ಇರುವುದಿಲ್ಲ! ಬೆಕ್ಕಿನ ಜೊತೆ ಬಿಟ್ಟೇ ನೋಡಿಲ್ಲ ಎಂದಾದರೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ‘ತೊಂದರೆ ಇಲ್ಲ’ ಎಂದಲ್ಲ.

ಕಚ್ಚಿದ್ದರೆ ಹೇಗೆ ಹೇಳುವುದು

ಎಲ್ಲರೂ ತೇಲಿಸಿ ಬಿಡುವುದು ಈ ಜಾಗದಲ್ಲೇ. ‘ಕಚ್ಚಿದೆ’ ಎಂದಷ್ಟೇ ಹೇಳಿದರೂ ಸಾಲದು. ಗಾಳಿಯಲ್ಲಿ ಬಾಯಿ ಹಾಕಿ ಬಿಟ್ಟಿತಾ? ಹಲ್ಲು ತಾಗಿ ಗೆರೆ ಮಾತ್ರ ಬಿತ್ತಾ? ಚರ್ಮ ತೂತಾಯಿತಾ? ಒಂದೇ ಸಲ ಕಚ್ಚಿ ದೂರ ಹೋಯಿತಾ, ಹಿಡಿದು ಜಗ್ಗಿತಾ, ಮತ್ತೆ ಮತ್ತೆ ಕಚ್ಚಿತಾ? ಪಶುವೈದ್ಯ ಇಯಾನ್ ಡನ್ಬಾರ್ ನಾಯಿ ಕಡಿತವನ್ನು ಗಾಯದ ಲೆಕ್ಕದಲ್ಲೇ 6 ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ ಹಲ್ಲು ಮೈಗೆ ತಾಗುವುದೇ ಇಲ್ಲ. ಕೊನೆಯದರಲ್ಲಿ ಜೀವವೇ ಹೋಗುತ್ತದೆ. ಎಲ್ಲವನ್ನೂ ‘ಕಚ್ಚುವ ನಾಯಿ’ ಎಂದು ಒಂದೇ ಗೂಟಕ್ಕೆ ಕಟ್ಟಿದರೆ ಮೊದಲ ಹಂತದ ನಾಯಿಗೆ ಅನ್ಯಾಯ, ಮುಚ್ಚಿಟ್ಟರೆ ಮನೆಯವರಿಗೆ ಅನ್ಯಾಯ.

ಸಂದರ್ಭವನ್ನೂ ಹೇಳಿ. ಗಾಯಕ್ಕೆ ಔಷಧಿ ಹಾಕುವಾಗ ನೋವಿಗೆ ಕಚ್ಚುವುದು ಬೇರೆ, ಜಗಲಿಯಲ್ಲಿ ಸುಮ್ನೆ ಕೂತವರ ಮೇಲೆ ಬೀಳುವುದು ಬೇರೆ. ಆಳವಾಗಿ, ಪದೇ ಪದೇ ಕಚ್ಚಿದ ನಾಯಿಯನ್ನು ಮಕ್ಕಳಿರುವ ಮನೆಗೆ ಕೊಡಲೇಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ.

‘ಸಂತಾನಹರಣ ಆಗಿದೆ, ಇನ್ನು ಕಚ್ಚಲ್ಲ’ ಎಂಬ ಭರವಸೆಯೂ ಬೇಡ. ಹೆದರಿ ಕಚ್ಚುವ ನಾಯಿಯ ಹೆದರಿಕೆ ಆಪರೇಷನ್‌ನಿಂದ ಹೋಗುವುದಿಲ್ಲ. ಇನ್ನೊಂದು ಮಾತು: ಗುರ್ ಎಂದದ್ದಕ್ಕೆ ಹೊಡೆದು ಹೊಡೆದು ಬಾಯಿ ಮುಚ್ಚಿಸಿದ ನಾಯಿ ನಿಮ್ಮಲ್ಲಿದ್ದರೆ, ಅದನ್ನು ದಪ್ಪಕ್ಷರದಲ್ಲಿ ಬರೆಯಿರಿ. ಗುರ್ ಎನ್ನುವುದು ಅದು ಕೊಡುವ ಎಚ್ಚರಿಕೆ. ಅದನ್ನೇ ಕಳೆದುಕೊಂಡ ನಾಯಿ ಸದ್ದಿಲ್ಲದೆ ಕಚ್ಚುತ್ತದೆ.

ರೇಬೀಸ್ ಲಸಿಕೆಯ ಕಾರ್ಡ್ ಕೈಗೆ ಕೊಡಿ. ಲಸಿಕೆ ಆಗಿದ್ದರೂ ಕಚ್ಚಿದ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು ಎಂದು ಹೇಳಿ.

ನಮ್ಮ ಕಡೆಯ ಮನೆಗೆ ಹೊಂದಿಸಿ ಹೇಳಿ

ಶೆಲ್ಟರಿನ ಗೂಡಿನಲ್ಲಿ ಕಂಡ ಗುಣ ತೋಟದ ಮನೆಯಲ್ಲಿ ಹಾಗೇ ಇರುವುದಿಲ್ಲ. ಗೂಡಿನಲ್ಲಿ ಬೊಗಳಿ ಬೊಗಳಿ ತಲೆ ತಿನ್ನುವ ನಾಯಿ ಅಂಗಳದಲ್ಲಿ ಕಾಲು ಚಾಚಿ ಮಲಗಬಹುದು. ಅದಕ್ಕೇ ನಾಯಿಯ ಕಥೆ ಶುರು ಮಾಡುವ ಮೊದಲು ಮನೆಯ ಕಥೆ ಕೇಳಿ. ಕೊಟ್ಟಿಗೆ ಇದೆಯಾ, ಕರು ಇದೆಯಾ, ಕೋಳಿ ಬಿಟ್ಟು ಸಾಕುತ್ತಾರಾ? ಅಡಿಕೆ ಕೊಯ್ಲಿಗೆ ಎಷ್ಟು ಜನ ಬರುತ್ತಾರೆ? ಕತ್ತಿ, ದೋಟಿ ಹಿಡಿದ ಹೊಸ ಮುಖಗಳನ್ನು ಕಂಡರೆ ಬೀದಿಯಲ್ಲಿ ಏಟು ತಿಂದ ನಾಯಿಗೆ ಜೀವ ಹೋದಂತಾಗುತ್ತದೆ.

ಮಳೆಗಾಲದ್ದು ಬೇರೆಯೇ ವಿಷಯ. ಮನೆಯ ಯಜಮಾನರೇ ಕೊಪ್ಪೆ ಹೊದ್ದು ಬಂದರೂ ಕೆಲವು ನಾಯಿಗಳಿಗೆ ಗುರುತು ಸಿಗುವುದಿಲ್ಲ. ದೂರದಿಂದಲೇ ಹೆಸರು ಹಿಡಿದು ಕರೆಯಬೇಕು. ಗುಡುಗಿಗೆ, ದೀಪಾವಳಿ ಪಟಾಕಿಗೆ ಹೆದರಿ ಓಡುವ ನಾಯಿ ಕಾಡಂಚಿನ ಮನೆಗೆ ಹೋದರೆ ಮತ್ತೆ ಸಿಗದೇ ಇರಬಹುದು. ಚಿರತೆ ಓಡಾಡುವ ಊರಾದರೆ ರಾತ್ರಿ ಹೊರಗೆ ಸರಪಳಿ ಹಾಕಿ ಕಟ್ಟುವುದೂ ಬೇಡ. ಒಳಗೆ ಮಲಗಿ ಅಭ್ಯಾಸ ಇದೆಯಾ ಎಂಬುದನ್ನು ತಿಳಿಸಿ.

ಮೈ ಮುಟ್ಟಿಸಿಕೊಳ್ಳುತ್ತದಾ ಎಂಬುದು ಮಲೆನಾಡಿನಲ್ಲಿ ಸಣ್ಣ ಸಂಗತಿಯಲ್ಲ. ತೋಟ ಸುತ್ತಿ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು, ಇಂಬಳ ಇರುತ್ತವೆ. ಹೆಕ್ಕಿ ತೆಗೆಯಲೇಬೇಕು. ‘ಬೆನ್ನು, ಕತ್ತು ಮುಟ್ಟಬಹುದು. ಹಿಂಗಾಲು ಹಿಡಿದರೆ ತಿರುಗಿ ಬೀಳುತ್ತೆ’ ಎಂಬಷ್ಟು ಬಿಡಿಸಿ ಬರೆಯಿರಿ.

ಎದುರು ಕೂತು ಹೇಳುವುದು

ಫೋಟೊ ನೋಡಿ ಮನಸ್ಸು ಕೊಟ್ಟ ಮೇಲೆ ಯಾರ ಕಿವಿಗೂ ಏನೂ ಹೋಗುವುದಿಲ್ಲ. ಹಾಗಾಗಿ ಬೇಗ ಹೇಳಿ. ನಾಯಿಗೆ ದಿನಾ ಅನ್ನ ಹಾಕುವವರು ಯಾರೋ ಅವರೂ ಅಲ್ಲಿರಲಿ. ಅಪಾಯದ ಮಾತು ಮೊದಲು, ಕಿರಿಕಿರಿಯದ್ದು ಆಮೇಲೆ. ಏನು ಮಾಡಿದರೆ ಸರಿಹೋಗುತ್ತದೆ ಎಂಬುದನ್ನು ಜೊತೆಗೇ ಹೇಳಿ. ಹೀಗೆ:

‘ಅಮ್ಮಾ, ಇದು ಗಂಡಸರನ್ನು ಕಂಡರೆ ಹಿಂದೆ ಸರಿಯುತ್ತೆ. ಮೂಲೆಗೆ ಒತ್ತಿದರೆ ಹಲ್ಲು ತೋರಿಸುತ್ತೆ. ಇಲ್ಲಿ ಒಬ್ಬರ ಕೈಗೆ ಹಲ್ಲು ತಾಗಿಸಿದೆ, ರಕ್ತ ಬಂದಿಲ್ಲ.’

‘ಅಯ್ಯೋ, ನಮ್ಮ ಮನೆಯವರು ಮುಟ್ಟದೆ ಇರಲ್ಲ ಮಾರಾಯ್ತಿ!’

‘ಹಾಗಾದ್ರೆ ಒಂದು ವಾರ ಅಣ್ಣನೇ ಊಟ ಹಾಕಲಿ. ಬಟ್ಟಲು ಇಟ್ಟು ದೂರ ಹೋಗಲಿ. ಅದಾಗಿಯೇ ಹತ್ತಿರ ಬರೋವರೆಗೂ ತಲೆ ಸವರೋದು ಬೇಡ. ಆಗುತ್ತಾ?’

ಆಗಲ್ಲ ಎಂದರೆ ಬೇರೆ ನಾಯಿ ತೋರಿಸಿ. ಆಗುತ್ತೆ ಎಂದರೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ. ಸಾಕುವವರಿಗೆ ಅದೂ ತಿಳಿದಿರಲಿ.

ಕೊಟ್ಟ ಮೇಲೆ

ಹೊಸ ಮನೆಗೆ ನಾಯಿ ಹೊಂದಿಕೊಳ್ಳುವುದಕ್ಕೆ 3 ದಿನ, 3 ವಾರ, 3 ತಿಂಗಳು ಎಂಬ ಅಂದಾಜು ಲೆಕ್ಕವೊಂದು ನಾಯಿ ಸಾಕುವವರಲ್ಲಿ ಚಾಲ್ತಿಯಲ್ಲಿದೆ. ಮೊದಲ ದಿನಗಳಲ್ಲಿ ಮೂಲೆ ಹಿಡಿದು ಕೂರುವುದು ಒಳ್ಳೆಯ ಗುಣವಲ್ಲ, ಗಾಬರಿ. ನಿಜವಾದ ಸ್ವಭಾವ ಕೆಲವು ವಾರ ಕಳೆದ ಮೇಲೆ ಹೊರಬರುತ್ತದೆ. ಈ ಮೂರೂ ಹೊತ್ತಿಗೆ ನೀವೇ ಫೋನ್ ಮಾಡಿ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಯಾರಿಗೆ ಬೊಗಳಿತು, ಎಲ್ಲಿ ಮಲಗುತ್ತೆ, ಸ್ನಾನಕ್ಕೆ ಬಿಡುತ್ತಾ ಎಂದು ಬಿಡಿಬಿಡಿಯಾಗಿ ಕೇಳಿ.

ಅಕಸ್ಮಾತ್ ವಾಪಸ್ ತಂದರೆ ಬೈಯಬೇಡಿ. ಬೈದರೆ ಕಾರಣ ಹೇಳದೆ ಹೊರಟುಹೋಗುತ್ತಾರೆ. ಕೂರಿಸಿ, ಕಾಫಿ ಕೊಟ್ಟು, ಅಲ್ಲಿ ಏನಾಯಿತೆಂದು ಪೂರ್ತಿ ಕೇಳಿ, ಅದೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ. ಮುಂದಿನ ಮನೆಯವರು ಬಂದಾಗ ಆ ಪುಟವನ್ನೂ ಓದಿ ಹೇಳಬೇಕು.