ಟೊಮೆಟೊ ಎಲೆಮುದುರು ಪರೀಕ್ಷೆಯಲ್ಲಿ ಸುಳ್ಳು ನೆಗೆಟಿವ್: ನನ್ನ ಅನುಭವ

ಕೋಲಾರದ ಸುತ್ತಲಿನ ಹೊಲಗಳಿಂದ ತಂದ, ಬಿಳಿನೊಣ ಹರಡುವ ಎಲೆಮುದುರು ರೋಗದ ಲಕ್ಷಣ ಎದ್ದು ಕಾಣುತ್ತಿದ್ದ 12 ಟೊಮೆಟೊ ಮಾದರಿಗಳಲ್ಲಿ 9 ಮಾದರಿಗಳು ಪಿಸಿಆರ್ (ಡಿಎನ್‌ಎಯ ನಿರ್ದಿಷ್ಟ ತುಣುಕನ್ನು ಹಲವು ಪಟ್ಟು ನಕಲಿಸಿ ಗುರುತಿಸುವ) ಪರೀಕ್ಷೆಯಲ್ಲಿ ನೆಗೆಟಿವ್, ಅಂದರೆ ವೈರಸ್ ಇಲ್ಲವೆಂದು, ಬಂದಾಗ, ಆ ಫಲಿತಾಂಶವನ್ನು ರೈತರಿಗೆ ತಿಳಿಸಲು ನನಗೆ ಮನಸ್ಸಾಗಲಿಲ್ಲ. ವೈರಸ್ಸಿನ ಡಿಎನ್‌ಎ ಹಾಕಿದ್ದ ಪಾಸಿಟಿವ್ ಕಂಟ್ರೋಲ್‌ನಲ್ಲಿ (ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡುವ ನಳಿಕೆ) ನಕಲಾದ ಡಿಎನ್‌ಎಯನ್ನು ತೋರಿಸುವ ಪಟ್ಟಿ ಸ್ಪಷ್ಟವಾಗಿ ಮೂಡಿತ್ತು; ಬರಿಯ ನೀರು ಹಾಕಿದ್ದ ನಳಿಕೆಯಲ್ಲಿ ಏನೂ ಮೂಡಿರಲಿಲ್ಲ. ಪ್ರೈಮರ್ (ನಕಲು ಶುರುವಾಗುವ ಜಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು), ನಕಲು ಮಾಡುವ ಕಿಣ್ವ, ಯಂತ್ರ ಮೂರೂ ಸರಿಯಾಗಿದ್ದವು. ಆದರೆ ಎಲೆಯಿಂದ ತೆಗೆದ ಡಿಎನ್‌ಎ ಹೇಗಿದೆ ಎಂಬುದನ್ನು ಈ ಎರಡು ಕಂಟ್ರೋಲ್‌ಗಳು ಹೇಳುವುದೇ ಇಲ್ಲ. ನಾನು ಬಹುಕಾಲ ಕಡೆಗಣಿಸಿದ್ದು ಇದನ್ನೇ.

ಹೀಗಾಗಿ, ರೋಗವಿರಲಿ ಇಲ್ಲದಿರಲಿ, ಪ್ರತಿ ಗಿಡದಲ್ಲೂ ಇರಲೇಬೇಕಾದ 18ಎಸ್ ಆರ್‌ಆರ್‌ಎನ್‌ಎ ಜೀನ್‌ಗಾಗಿ ಅದೇ ಮಾದರಿಗಳಲ್ಲಿ ಪ್ರತ್ಯೇಕ ಪ್ರತಿಕ್ರಿಯೆ ನಡೆಸಿದೆ. ಆ ಒಂಬತ್ತರಲ್ಲಿ ಅದೂ ಮೂಡಲಿಲ್ಲ. ಗಿಡದ ಜೀನೇ ಕಾಣದ ಮಾದರಿಯಲ್ಲಿ ವೈರಸ್ ಇಲ್ಲವೆನ್ನಲು ನಮಗೆ ಆಧಾರವಿಲ್ಲ. ಬಲಿತ ಎಲೆಗಳಲ್ಲಿನ ರಾಸಾಯನಿಕಗಳಾದ ಪಾಲಿಫಿನಾಲ್ ಮತ್ತು ಪಾಲಿಸ್ಯಾಕರೈಡ್‌ಗಳು ಡಿಎನ್‌ಎ ಜೊತೆಗೇ ಉಳಿದು ನಕಲು ಮಾಡುವ ಟ್ಯಾಕ್ ಕಿಣ್ವವನ್ನು ತಡೆಯಬಲ್ಲವು. ಪಾಸಿಟಿವ್ ಕಂಟ್ರೋಲ್‌ಗೆ ಈ ಮಾದರಿಗಳ ಡಿಎನ್‌ಎ ದ್ರಾವಣವನ್ನು ಬೆರೆಸಿದಾಗ ಅದರ ಪಟ್ಟಿಯೂ ಮಾಯವಾದುದರಿಂದ ಈ ಅನುಮಾನ ದೃಢಪಟ್ಟಿತು. ದ್ರಾವಣವನ್ನು 10 ಪಟ್ಟು ತೆಳುಗೊಳಿಸಿ, ಪ್ರತಿಕ್ರಿಯೆಗೆ ಬಿಎಸ್‌ಎ (ಇಂಥ ತಡೆಯುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿದ ಮೇಲೆ ಒಂಬತ್ತರಲ್ಲೂ ಗಿಡದ ಜೀನ್ ಮೂಡಿತು, ಎಂಟರಲ್ಲಿ ವೈರಸ್ಸಿನ ಪಟ್ಟಿಯೂ ಕಂಡಿತು. ಉಳಿದ ಒಂದು ಗಿಡದಿಂದ ಎಳೆಯ ಎಲೆಗಳನ್ನು ಮತ್ತೆ ತರಿಸಿದ್ದೇನೆ.